ವಾರ್ಡಿಗೆ ಕಾಲಿಡುವ ಮೊದಲು: ಮುಂಬಯಿ ಆಸ್ಪತ್ರೆಯ ಮೊದಲ ಪೋಸ್ಟಿಂಗ್‌ಗೆ ನರ್ಸಿಂಗ್ ವಿದ್ಯಾರ್ಥಿಗಳ ಸಿದ್ಧತೆ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡ ಮನೆಗಳಿಂದ ಎಷ್ಟೋ ಮಕ್ಕಳು ಜಿಎನ್‌ಎಂ, ಬಿಎಸ್‌ಸಿ ನರ್ಸಿಂಗ್ ಸೇರುತ್ತಾರೆ. ಕಲಬುರಗಿ, ವಿಜಯಪುರ, ಉಡುಪಿಯಿಂದ ಬಂದು ಹಾಸ್ಟೆಲಿನಲ್ಲಿ ಉಳಿದು ಓದುವವರೂ ಇದ್ದಾರೆ. ಪರೇಲಿನ ಕೆಇಎಂ, ಸಾಯನ್‌ನ ಲೋಕಮಾನ್ಯ ಟಿಳಕ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಭಾಯಖಳಾದ ಜೆಜೆ ಇಂಥ ದೊಡ್ಡ ಆಸ್ಪತ್ರೆಯಲ್ಲಿ ಮೊದಲ ಸಲ ವಾರ್ಡಿನಲ್ಲಿ ಕೆಲಸ ಕಲಿಯಲು, ಅಂದರೆ ಕ್ಲಿನಿಕಲ್ ಪೋಸ್ಟಿಂಗ್‌ಗೆ ಹೊರಟವರಿಗಾಗಿ ಈ ಬರಹ. ಪುಣೆಯ ಸಸೂನ್‌ಗೋ ಗೋವಾದ ಬಾಂಬೊಳಿಗೋ ಹೋಗುವವರಿಗೂ ಲೋಕಲ್ ಟ್ರೈನಿನ ಮಾತೊಂದನ್ನು ಬಿಟ್ಟರೆ ಬಹುಪಾಲು ಹೊಂದುತ್ತದೆ.

ಮೊದಲ ವಾರ ಎಡವಿದ ವಿದ್ಯಾರ್ಥಿಗಳನ್ನು ಕೇಳಿದರೆ ಕಾರಣ ಹೆಚ್ಚಾಗಿ ವಾರ್ಡಿನ ಹೊರಗೇ ಇರುತ್ತದೆ. ಗಾಡಿ ತಪ್ಪಿರುತ್ತದೆ, ತಿಂಡಿ ಆಗಿರುವುದಿಲ್ಲ, ಗಡಿಯಾರಕ್ಕೆ ಸೆಕೆಂಡ್ ಮುಳ್ಳಿರುವುದಿಲ್ಲ, ಅಜ್ಜಿ ಮರಾಠಿಯಲ್ಲಿ ಹೇಳಿದ್ದು ಅರ್ಥವಾಗಿರುವುದಿಲ್ಲ. ತಲೆ ಇವುಗಳಲ್ಲಿ ಹಂಚಿಹೋದ ಮೇಲೆ ರೋಗಿಗೆ ಉಳಿಯುವುದು ಅರೆಗಮನ. ಮನೆಯಲ್ಲೇ ಮುಗಿಸಬಹುದಾದ ಕೆಲಸವನ್ನೆಲ್ಲ ಮನೆಯಲ್ಲೇ ಮುಗಿಸುವುದು ಸಿದ್ಧತೆಯ ತಿರುಳು.

ಆರು ತಿಂಗಳು ಮುಂಚೆ: ಲಸಿಕೆ

ಹೆಪಟೈಟಿಸ್ ಬಿ ಲಸಿಕೆಯಿಂದ ಶುರು ಮಾಡಿ, ಏಕೆಂದರೆ ಹೆಚ್ಚು ಸಮಯ ತಿನ್ನುವುದು ಅದೇ. ಮೂರು ಡೋಸ್: ಮೊದಲನೆಯದು ಇವತ್ತು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ, ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ ಆಂಟಿ-ಎಚ್‌ಬಿಎಸ್ ಟೈಟರ್ ಪರೀಕ್ಷೆ ಮಾಡಿಸಬೇಕು. ಫಲಿತಾಂಶ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದರ್ಥ. ಮೂರು ಡೋಸ್ ಹಾಕಿಸಿಕೊಂಡು ಟೈಟರ್ ಬಿಟ್ಟುಬಿಡುವವರೇ ಹೆಚ್ಚು. ಮುಂದೆ ಸೂಜಿ ಚುಚ್ಚಿದ ದಿನ ವೈದ್ಯರು ಮೊದಲು ಕೇಳುವುದು ಅದೇ ಅಂಕಿಯನ್ನು. ಕೆಲವರ ದೇಹ ಲಸಿಕೆಗೆ ಸ್ಪಂದಿಸುವುದಿಲ್ಲ. ಅಂಥವರು ಇನ್ನೊಂದು ಸರಣಿ ಹಾಕಿಸಿಕೊಂಡು ಮತ್ತೆ ಪರೀಕ್ಷಿಸಬೇಕು. ಪೋಸ್ಟಿಂಗ್‌ಗೆ ಎರಡೇ ತಿಂಗಳು ಉಳಿದಿದ್ದರೂ ಕೈಚೆಲ್ಲಬೇಡಿ, ಎರಡು ಡೋಸ್ ಮುಗಿಸಿ, ಮೂರನೆಯದು ಬಾಕಿ ಎಂದು ಟ್ಯೂಟರ್‌ಗೆ ಬರೆದುಕೊಡಿ.

ಚಿಕನ್‌ಪಾಕ್ಸ್, ಅಂದರೆ ಊರಲ್ಲಿ ಅಮ್ಮ, ಸಿಡುಬು ಎಂದೆಲ್ಲ ಕರೆಯುವ ಕಾಯಿಲೆ, ಬಾಲ್ಯದಲ್ಲಿ ಬಂದಿತ್ತೇ ಎಂದು ತಾಯಿಯನ್ನು ಕೇಳಿ. ಬಂದಿರದಿದ್ದರೆ ವಾರಿಸೆಲ್ಲಾ ಲಸಿಕೆ ಎರಡು ಡೋಸ್ ಬೇಕು, ನಡುವೆ ನಾಲ್ಕರಿಂದ ಎಂಟು ವಾರ ಅಂತರ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಲಸಿಕೆ) ಕೂಡ ಎರಡು ಡೋಸ್, ನಾಲ್ಕು ವಾರ ಅಂತರ. ಇವೆರಡೂ ಜೀವಂತ ಲಸಿಕೆಗಳು: ಒಂದೇ ದಿನ ಹಾಕಿಸಿ, ಇಲ್ಲವೇ ನಾಲ್ಕು ವಾರ ಬಿಡಿ. ಗರ್ಭಿಣಿಯರು ಹಾಕಿಸಿಕೊಳ್ಳಬಾರದು. ಧನುರ್ವಾಯು ತಡೆಯುವ ಟಿಟಿ ಅಥವಾ ಟಿಡಿ ಹಾಕಿಸಿ ಹತ್ತು ವರ್ಷ ದಾಟಿದ್ದರೆ ಒಂದು ಬೂಸ್ಟರ್ ಸಾಕು.

ಟಿಬಿಗಾಗಿ ಕಾಲೇಜು ಎದೆಯ ಎಕ್ಸ್‌ರೇ, ಕೆಲವೊಮ್ಮೆ ಮಾಂಟೂ ಪರೀಕ್ಷೆ ಕೇಳುತ್ತದೆ. ಮಾಂಟೂ ಚುಚ್ಚಿದ 48ರಿಂದ 72 ಗಂಟೆಯೊಳಗೆ ಚರ್ಮದ ಊತ ಅಳೆಸಿ ಓದಿಸಬೇಕು. ಶುಕ್ರವಾರ ಚುಚ್ಚಿಸಿದರೆ 48 ಗಂಟೆ ಭಾನುವಾರಕ್ಕೆ ಬೀಳುತ್ತದೆ, ಸೋಮವಾರ ಅದೇ ಹೊತ್ತಿನೊಳಗೆ ಓದಿಸದಿದ್ದರೆ ಪರೀಕ್ಷೆ ವ್ಯರ್ಥವಾಗುತ್ತದೆ. ಎಂಎಂಆರ್ ಹಾಕಿಸಿದ ಮುಂದಿನ ನಾಲ್ಕು ವಾರ ಮಾಂಟೂ ಸುಳ್ಳು ನೆಗೆಟಿವ್ ತೋರಿಸಬಹುದು, ಹಾಗಾಗಿ ಮಾಂಟೂ ಮೊದಲು.

ಕಾಗದ

ಕಾಲೇಜಿನ ಪತ್ರ, ಗುರುತಿನ ಚೀಟಿ, ವೈದ್ಯಕೀಯ ಫಿಟ್‌ನೆಸ್ ಪ್ರಮಾಣಪತ್ರ, ಲಸಿಕೆ ದಾಖಲೆ, ಟೈಟರ್ ವರದಿ, ನಾಲ್ಕು ಫೋಟೊ. ಇಷ್ಟರ ಮೂರು ಜೆರಾಕ್ಸ್ ಸೆಟ್ ಮಾಡಿಡಿ: ಒಂದು ಮೇಟ್ರನ್ (ನರ್ಸುಗಳ ಮುಖ್ಯಸ್ಥೆ) ಕಚೇರಿಗೆ, ಒಂದು ಟ್ಯೂಟರ್‌ಗೆ, ಒಂದು ನಿಮ್ಮ ಬಳಿ. ಮೂಲಪ್ರತಿ ಯಾರಿಗೂ ಬಿಟ್ಟು ಬರಬೇಡಿ.

ಲಾಗ್‌ಬುಕ್ಕಿನ ಸಹಿ ಅದೇ ದಿನ ಹಾಕಿಸಿ. "ವಾರದ ಕೊನೆಗೆ ಒಟ್ಟಿಗೆ ಹಾಕಿಸೋಣ" ಅಂದುಕೊಂಡವರು ಆ ಸಿಸ್ಟರ್ ಬೇರೆ ವಾರ್ಡಿಗೆ ಹೋದ ಮೇಲೆ ಮಹಡಿ ಮಹಡಿ ಅಲೆಯುತ್ತಾರೆ. ಹಾಜರಿಯ ಲೆಕ್ಕವೂ ಗೊತ್ತಿರಲಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ನಿಯಮದಂತೆ ಬಿಎಸ್‌ಸಿ ಪರೀಕ್ಷೆಗೆ ಕೂರಲು 80 ಪ್ರತಿಶತ ಹಾಜರಿ ಸಾಕು, ಆದರೆ ಪದವಿ ಕೈಗೆ ಬರಬೇಕಾದರೆ ಪ್ರಾಯೋಗಿಕ ವಿಭಾಗಗಳಲ್ಲಿ 100 ಪ್ರತಿಶತ ಬೇಕು. ಕಾಯಿಲೆಯಿಂದ ತಪ್ಪಿದ ದಿನವನ್ನೂ ಆಮೇಲೆ ತುಂಬಿಕೊಡಲೇಬೇಕು.

ದಾರಿ, ಬಟ್ಟೆ, ಚೀಲ

ಬೆಳಗಿನ ಪಾಳಿ ಏಳು, ಏಳೂವರೆಯ ಹೊತ್ತಿಗೆ ಶುರುವಾಗುತ್ತದೆ. ಒಂದು ವಾರ ಮುಂಚೆ, ಅದೂ ಕೆಲಸದ ದಿನ, ಅದೇ ಹೊತ್ತಿನ ಗಾಡಿ ಹಿಡಿದು ವಾರ್ಡಿನ ಬಾಗಿಲವರೆಗೆ ಒಮ್ಮೆ ಹೋಗಿಬನ್ನಿ. ಪರೇಲ್, ಸಾಯನ್‌ನಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಡೊಂಬಿವಲಿಯಿಂದ ಫಾಸ್ಟ್ ಹಿಡಿದವರು ಪರೇಲಿಗೆ ದಾದರಿನಲ್ಲಿ ಇಳಿದು ಬದಲಿಸಬೇಕು. ಅಲ್ಲಿನ ಪಾದಚಾರಿ ಸೇತುವೆಯ ನೂಕುನುಗ್ಗಲಿಗೆ ಹದಿನೈದು ನಿಮಿಷ ತೆಗೆದಿಡಿ. ಆಸ್ಪತ್ರೆಯ ಗೇಟಿನಿಂದ ವಾರ್ಡಿಗೆ ಇನ್ನೂ ಹತ್ತು ನಿಮಿಷ, ಏಕೆಂದರೆ ಲಿಫ್ಟ್ ಇರುವುದು ಸ್ಟ್ರೆಚರಿಗೆ, ನೀವು ಮೆಟ್ಟಿಲು ಹತ್ತಬೇಕು. ವಿದ್ಯಾರ್ಥಿಗಳ ರಿಯಾಯಿತಿಯ ಕನ್ಸೆಶನ್ ಪಾಸ್ ಅದರ ಮೇಲೆ ಬರೆದ ನಿಲ್ದಾಣದವರೆಗೆ ಮಾತ್ರ ನಡೆಯುತ್ತದೆ. ಕಾಲೇಜು ಒಂದು ಕಡೆ, ಆಸ್ಪತ್ರೆ ಅದರಾಚೆ ಇದ್ದರೆ ಮುಂದಿನ ದೂರಕ್ಕೆ ಬೇರೆ ಟಿಕೆಟ್ ತೆಗೆಯಿರಿ.

ಯೂನಿಫಾರ್ಮ್ ತೊಟ್ಟು ಲೋಕಲ್ ಹತ್ತಬೇಡಿ. ಹೋಗುವಾಗ ಡಬ್ಬಿಯ ಧೂಳು ವಾರ್ಡಿಗೆ, ಬರುವಾಗ ವಾರ್ಡಿನ ರೋಗಾಣು ಪಕ್ಕದಲ್ಲಿ ಕೂತ ಮಗುವಿಗೆ. ಆಸ್ಪತ್ರೆಯಲ್ಲೇ ಬಟ್ಟೆ ಬದಲಿಸಿ, ತೊಟ್ಟದ್ದನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ತನ್ನಿ, ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಹಾಕಿ ಒಗೆದು ಇಸ್ತ್ರಿ ಮಾಡಿ. ಬೇಸಿಗೆಗೆ ಎರಡು ಜೊತೆ ಸಾಕು. ಮಳೆಗಾಲಕ್ಕೆ ಮೂರು, ಏಕೆಂದರೆ ಜುಲೈಯಲ್ಲಿ ಚಾಳಿನ ಕಾರಿಡಾರಿನಲ್ಲಿ ಹರವಿದ ಬಟ್ಟೆ ಎರಡು ದಿನಕ್ಕೂ ಒಣಗುವುದಿಲ್ಲ. ಬೂಟು ಬೆರಳು ಮುಚ್ಚುವಂಥದ್ದು, ಒರೆಸಿದರೆ ಸ್ವಚ್ಛವಾಗುವಂಥದ್ದು. ಬಟ್ಟೆಯ ಶೂ ರಕ್ತ ಹೀರಿಕೊಳ್ಳುತ್ತದೆ.

ಹಿಂದಮಾತಾ, ಸಾಯನ್, ಕುರ್ಲಾ ಕಡೆ ನೀರು ನಿಂತ ದಿನ ರಬ್ಬರ್ ಚಪ್ಪಲಿಯಲ್ಲಿ ಬಂದು ಬೂಟನ್ನು ಚೀಲದಲ್ಲಿ ತನ್ನಿ. ಕಾಲಿಗೆ ಗಾಯವಿದ್ದು ಆ ನೀರಿನಲ್ಲಿ ನಡೆದಿದ್ದರೆ ಮುಚ್ಚಿಡಬೇಡಿ. 2005ರ ಜುಲೈ 26ರ ಮಳೆಯ ಬೆನ್ನಿಗೆ ಈ ನಗರದಲ್ಲಿ ಇಲಿಜ್ವರ ಹಬ್ಬಿತ್ತು. 72 ಗಂಟೆಯೊಳಗೆ ವೈದ್ಯರನ್ನು ಕಂಡು ಅದನ್ನು ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕೇ ಎಂದು ಕೇಳಿ.

ಜೇಬಿನಲ್ಲಿ: ಸೆಕೆಂಡ್ ಮುಳ್ಳಿರುವ, ಎದೆಗೆ ಸಿಕ್ಕಿಸುವ ಗಡಿಯಾರ, ನೀಲಿ ಮತ್ತು ಕೆಂಪು ಪೆನ್ನು, ಪುಟ್ಟ ಡೈರಿ, ಟಾರ್ಚು, ಕತ್ತರಿ, 50 ಮಿ.ಲೀ. ಹ್ಯಾಂಡ್‌ರಬ್. ಕೈಗಡಿಯಾರ, ಬಳೆ, ಉಂಗುರ ಮನೆಯಲ್ಲಿರಲಿ. ಮೊಣಕೈ ಕೆಳಗೆ ಏನಿದ್ದರೂ ಕೈ ಸರಿಯಾಗಿ ತೊಳೆಯಲಾಗದು. ಚೀಲದಲ್ಲಿ ಒಂದು ಲೀಟರ್ ನೀರು, ಡಬ್ಬಾ, ಎರಡು ಎನ್95 ಮಾಸ್ಕ್. ತಿಂಡಿ ಮಾತ್ರ ಮನೆಯಲ್ಲೇ ಆಗಲಿ. ಡ್ರೆಸಿಂಗ್ ನೋಡುತ್ತ ಕಣ್ಣು ಕತ್ತಲೆ ಬರುವುದು ಹೆಚ್ಚಾಗಿ ಖಾಲಿ ಹೊಟ್ಟೆಯವರಿಗೆ. ಹಾಗೆ ಅನ್ನಿಸಿದ ಕೂಡಲೇ ಟ್ರೇಯಿಂದ ಹಿಂದೆ ಸರಿದು, ಹೇಳಿ, ನೆಲದ ಮೇಲಾದರೂ ಕೂತುಬಿಡಿ. ನಾಚಿಕೆಪಟ್ಟು ನಿಂತೇ ಇದ್ದರೆ ತಲೆಗೆ ಪೆಟ್ಟಾಗುತ್ತದೆ.

ಮಾತು

ವಾರ್ಡಿನ ಮಾತು ಮರಾಠಿ. ಹಿಂದಿ ಇದ್ದರೆ ಸಾಕು ಎಂಬ ಧೈರ್ಯ ರತ್ನಾಗಿರಿಯ ಅಜ್ಜಿಯ ಮುಂದೆ ಕರಗುತ್ತದೆ. ಇಷ್ಟನ್ನು ಬಾಯಿಪಾಠ ಮಾಡಿ: "ಕುಠೇ ದುಖತಂಯ್?" (ಎಲ್ಲಿ ನೋವು?), "ಚಕ್ಕರ್ ಯೇತೇ ಕಾ?" (ತಲೆ ಸುತ್ತುತ್ತದೆಯೇ?), "ದಮ್ ಲಾಗತೋ ಕಾ?" (ಉಸಿರು ಕಟ್ಟುತ್ತದೆಯೇ?), "ಲಘವೀ ಝಾಲೀ ಕಾ?" (ಮೂತ್ರ ಆಯಿತೇ?), "ಉಪಾಶೀ ಆಹಾತ್ ಕಾ?" (ಏನೂ ತಿಂದಿಲ್ಲ ತಾನೆ?). ಕಾಮಾಲೆಗೆ ಅಲ್ಲಿ "ಕಾವೀಳ್", ಕೆಮ್ಮಿಗೆ "ಖೋಕಲಾ", ಭೇದಿಗೆ "ಜುಲಾಬ್".

ಕನ್ನಡಿಗರಿಗೆ ಮೋಸ ಮಾಡುವ ಎರಡು ಪದಗಳಿವೆ. ನಮಗೆ "ಪಾಳಿ" ಎಂದರೆ ಡ್ಯೂಟಿಯ ಸರದಿ. ಮರಾಠಿಯಲ್ಲಿ ಆ ಅರ್ಥದ ಜೊತೆಗೆ ಮುಟ್ಟಿಗೂ ಅದೇ ಪದ, ಸ್ತ್ರೀರೋಗ ವಾರ್ಡಿನಲ್ಲಿ "ಪಾಳೀ ಕಧೀ ಆಲೀ?" ಎಂದರೆ ಕೊನೆಯ ಮುಟ್ಟಿನ ದಿನಾಂಕ ಕೇಳುತ್ತಿದ್ದಾರೆ. "ತಾಯೀ" ಎಂದು ಕೇಳಿಸುವ ಪದ ಅಲ್ಲಿ ಅಮ್ಮ ಅಲ್ಲ, ಅಕ್ಕ. ವಯಸ್ಸಾದ ಹೆಂಗಸಿಗೆ "ಆಜೀ", ಗಂಡಸಿಗೆ "ಆಜೋಬಾ" ಅಥವಾ "ಕಾಕಾ", ಆಯಾಗೆ "ಮಾವಶೀ", ವಾರ್ಡ್‌ಬಾಯ್‌ಗೆ "ಮಾಮಾ". ಇಪ್ಪತ್ತು ವರ್ಷದಿಂದ ಆ ವಾರ್ಡು ಬಲ್ಲ ಮಾವಶಿಯನ್ನು ಗೌರವದಿಂದ ಮಾತಾಡಿಸಿ. ಬೆಡ್‌ಪ್ಯಾನ್ ಎಲ್ಲಿ, ಒಗೆದ ಚಾದರ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ನಿಮಗೆ ಕಲಿಸುವವರು ಅವರೇ.

ನಿಮ್ಮ ಕನ್ನಡವೂ ಉಪಯೋಗಕ್ಕೆ ಬರುತ್ತದೆ. ಕಲಬುರಗಿ, ವಿಜಯಪುರ, ಅಕ್ಕಲಕೋಟೆಯಿಂದ ಬಂದ ರೋಗಿಗಳು ಈ ವಾರ್ಡುಗಳಲ್ಲಿ ಸಿಕ್ಕೇ ಸಿಗುತ್ತಾರೆ. "ಹೊಟ್ಟಿ ಬ್ಯಾನಿ" ಎಂದರೆ ಹೊಟ್ಟೆನೋವು, "ಹೊರಗಾಗಿದೀನಿ" ಎಂದರೆ ಮುಟ್ಟು. ಕರಾವಳಿಯ ವಿದ್ಯಾರ್ಥಿಗೆ ಇದೂ ಹೊಸತೇ. ಆದರೆ ಭಾಷಾಂತರಕ್ಕೆ ಕರೆದಾಗ ವೈದ್ಯರು ಹೇಳಿದ್ದನ್ನು ಹೇಳಿದಷ್ಟೇ ದಾಟಿಸಿ. "ಏನೂ ಆಗಲ್ಲ ಬಿಡ್ರಿ" ಎಂದು ನಿಮ್ಮ ಕಡೆಯಿಂದ ಸೇರಿಸಿದ ಸಾಂತ್ವನವನ್ನು ರೋಗಿ ವೈದ್ಯರ ಮಾತೆಂದೇ ನಂಬುತ್ತಾನೆ. ಆಪರೇಷನ್ನಿನ ಒಪ್ಪಿಗೆ ವಿವರಿಸುವುದು ವೈದ್ಯರ ಕೆಲಸ; ಆ ಕಾಗದಕ್ಕೆ ಸಾಕ್ಷಿ ಸಹಿ ಹಾಕಬೇಡಿ.

ಕೈ ಪಳಗಿಸುವುದು

ಮನೆಯಲ್ಲಿ ಹತ್ತು ಜನರ ಬಿಪಿ, ನಾಡಿ, ಉಸಿರು ನೋಡಿದವರ ಕೈ ವಾರ್ಡಿನಲ್ಲಿ ನಡುಗುವುದಿಲ್ಲ.

ಬಿಪಿಗೆ ಮೊದಲು ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಇಲ್ಲ, ತೋಳು ಹೃದಯದ ಮಟ್ಟಕ್ಕೆ. ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್‌ನ ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ 80 ಪ್ರತಿಶತ ಸುತ್ತಬೇಕು, ಅದರ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು-ಮೂರು ಸೆಂ.ಮೀ. ಮೇಲಿರಬೇಕು. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ನಾಡಿ ಮಾಯವಾದ ಅಂಕಿ ನೋಡಿಕೊಳ್ಳಿ. ಗಾಳಿ ಬಿಟ್ಟು, ಸ್ಟೆತಸ್ಕೋಪ್ ಇಟ್ಟು, ಆ ಅಂಕಿಗಿಂತ 30 ಮೇಲೆ ಏರಿಸಿ, ಸೆಕೆಂಡಿಗೆ ಎರಡು-ಮೂರರಂತೆ ಇಳಿಸಿ. ನಾಡಿ ಹಿಡಿಯುವ ಹೆಜ್ಜೆ ಬಿಟ್ಟವರು ಕೆಲವು ರೋಗಿಗಳಲ್ಲಿ ನಡುವೆ ಶಬ್ದ ನಿಲ್ಲುವ ಜಾಗಕ್ಕಿಂತ ಕೆಳಗಿನಿಂದ ಶುರುಮಾಡಿ, 180 ಇರುವುದನ್ನು 140 ಎಂದು ಬರೆಯುತ್ತಾರೆ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಹೆಚ್ಚು ಕಾಣಿಸುತ್ತದೆ, ತೋಳು ಕೆಳಗೆ ಜೋತುಬಿದ್ದರೂ ಹೆಚ್ಚು. ಡಯಾಲಿಸಿಸ್‌ನ ಫಿಸ್ಟುಲಾ (ರಕ್ತನಾಳ ಜೋಡಿಸಿದ ಜಾಗ) ಇರುವ ತೋಳಿಗೆ, ಸ್ತನ ತೆಗೆದ ಬದಿಯ ತೋಳಿಗೆ, ಸಲೈನ್ ಹೋಗುತ್ತಿರುವ ಕೈಗೆ ಕಫ್ ಕಟ್ಟಬೇಡಿ.

ಉಸಿರನ್ನು ರೋಗಿಗೆ ಗೊತ್ತಾಗದಂತೆ ಪೂರ್ತಿ ಒಂದು ನಿಮಿಷ ಎಣಿಸಿ. ನಾಡಿ ಹಿಡಿದ ಹಾಗೆಯೇ ಎದೆ ನೋಡುತ್ತಿದ್ದರೆ ಆಯಿತು. ದೊಡ್ಡವರಲ್ಲಿ 12ರಿಂದ 20 ಸಹಜ. ಚಾರ್ಟಿನಲ್ಲಿ ಸಾಲಾಗಿ ಎಲ್ಲರಿಗೂ 18, 18, 18 ಎಂದಿದ್ದರೆ ಯಾರೂ ಎಣಿಸಿಲ್ಲವೆಂದೇ ಲೆಕ್ಕ. ರೋಗಿ ಕೆಡುತ್ತಿರುವುದನ್ನು ಬಹಳ ಸಲ ಮೊದಲು ಹೇಳುವ ಅಂಕಿ ಇದು, ಎಲ್ಲರೂ ಕಡೆಗಣಿಸುವ ಅಂಕಿಯೂ ಇದೇ. ಆಕ್ಸಿಮೀಟರಿಗೆ ನೇಲ್‌ಪಾಲಿಶ್, ಮೆಹೆಂದಿ, ತಣ್ಣಗಾದ ಬೆರಳು ಅಡ್ಡಬರುತ್ತವೆ. ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಇಲ್ಲವೇ ಬೇರೆ ಬೆರಳಿಗೆ ಹಾಕಿ ನೋಡಿ.

ಲೆಕ್ಕ

ಸಲೈನ್ ಹನಿ: ಮಿ.ಲೀ. ಗುಣಿಸು ಸೆಟ್ಟಿನ ಹನಿ, ಭಾಗಿಸು ನಿಮಿಷ. 500 ಮಿ.ಲೀ. ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟು ಮಿ.ಲೀ.ಗೆ 20 ಹನಿಯದು. 500 × 20 = 10,000; ಅದನ್ನು 240ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ, ಅಂದರೆ 15 ಸೆಕೆಂಡಿಗೆ ಹತ್ತು-ಹನ್ನೊಂದು. ಕೆಲವು ಸೆಟ್ಟು 15 ಹನಿಯದಿರುತ್ತದೆ, ಮೈಕ್ರೊ ಸೆಟ್ಟು 60 ಹನಿಯದು. ಕವರಿನ ಮೇಲೆ ಅಚ್ಚಾಗಿರುತ್ತದೆ, ಎಸೆಯುವ ಮೊದಲು ಓದಿ. ರೋಗಿ ಕೈ ಮಡಚಿದರೆ ಹನಿ ನಿಧಾನವಾಗುತ್ತದೆ, ಆದ್ದರಿಂದ ಅರ್ಧ ಗಂಟೆಗೊಮ್ಮೆ ಮತ್ತೆ ಎಣಿಸಿ.

ಇಂಜೆಕ್ಷನ್: ಬೇಕಾದದ್ದು ಭಾಗಿಸು ಇರುವುದು, ಗುಣಿಸು ದ್ರವ. ಅಮಿಕಾಸಿನ್ 2 ಮಿ.ಲೀ.ಯಲ್ಲಿ 500 ಮಿ.ಗ್ರಾಂ. ಇದೆ, ಬೇಕಾದದ್ದು 375. ಉತ್ತರ 1.5 ಮಿ.ಲೀ. ದಿನಕ್ಕೆ ಹತ್ತು ಲೆಕ್ಕದಂತೆ ಎರಡು ವಾರ, ಕ್ಯಾಲ್ಕುಲೇಟರ್ ಇಲ್ಲದೆ ಮಾಡಿ.

ಇನ್ಸುಲಿನ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಬಾಟಲಿ ಎರಡು ಬಗೆ: ಮಿ.ಲೀ.ಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಸಿರಿಂಜೂ ಎರಡು ಬಗೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 40ರ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿ.ಲೀ. ಅದಕ್ಕೆ 100ರ ಇನ್ಸುಲಿನ್ ಎಳೆದರೆ ರೋಗಿಗೆ ಹೋಗುವುದು 20 ಅಲ್ಲ, 50 ಯೂನಿಟ್. ಸಕ್ಕರೆ ಇಳಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ತಿರುಗುಮುರುಗಾದರೆ ಬರೀ 8 ಯೂನಿಟ್ ಹೋಗಿ ಸಕ್ಕರೆ ಏರುತ್ತದೆ. ಮುಚ್ಚಳದ ಬಣ್ಣ ನಂಬಿ ನಿಲ್ಲಬೇಡಿ. ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಎರಡನ್ನೂ ಸಿಸ್ಟರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಕಣ್ಣಾರೆ ನೋಡಿದ ಮೇಲೆ ಕೊಡಿ.

ಎಷ್ಟೇ ಅವಸರವಿದ್ದರೂ ವಿದ್ಯಾರ್ಥಿ ಒಬ್ಬರೇ ಯಾವ ಇಂಜೆಕ್ಷನ್ನೂ ಕೊಡಬಾರದು. ಬೇರೊಬ್ಬರು ತುಂಬಿಟ್ಟ, ಹೆಸರು ಬರೆಯದ ಸಿರಿಂಜನ್ನು ಮುಟ್ಟಬಾರದು. ಪೊಟ್ಯಾಶಿಯಂ ಕ್ಲೋರೈಡ್ ಆಂಪ್ಯೂಲನ್ನು ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. "ಸಿಸ್ಟರ್, ಇದನ್ನು ನಾನು ಮಾಡಿಲ್ಲ, ಒಮ್ಮೆ ತೋರಿಸ್ತೀರಾ?" ಈ ವಾಕ್ಯವನ್ನು ಮರಾಠಿಯಲ್ಲಿ, ಹಿಂದಿಯಲ್ಲಿ ನಾಲಿಗೆಗೆ ಬರುವಂತೆ ಮಾಡಿಕೊಳ್ಳಿ. ಮೂವತ್ತು ಹಾಸಿಗೆಗೆ ಅರವತ್ತು ರೋಗಿಗಳಿರುವ ದಿನ ಸಿಸ್ಟರ್ ರೇಗಬಹುದು. ರೇಗಿದರೂ ಕೇಳಿ.

ವಾರ್ಡಿನ ಮೊದಲ ಗಂಟೆ

ಪಾಳಿ ಬದಲಾಗುವಾಗಿನ ಹ್ಯಾಂಡೋವರಿಗೆ ನಿಲ್ಲಿ, ಕೇಳಿದ್ದನ್ನು ಡೈರಿಯಲ್ಲಿ ಹಾಸಿಗೆ ನಂಬರಿನ ಎದುರು ಬರೆಯಿರಿ, ಹೆಸರು ಬೇಡ. ಆಮೇಲೆ ಐದು ವಸ್ತು ಎಲ್ಲಿವೆ ನೋಡಿ: ಎಮರ್ಜೆನ್ಸಿ ಟ್ರಾಲಿ, ಆಕ್ಸಿಜನ್, ಸಕ್ಷನ್ (ಕಫ ಹೀರುವ ಯಂತ್ರ), ಬೆಂಕಿ ನಂದಿಸುವ ಸಿಲಿಂಡರ್, ಕೈತೊಳೆಯುವ ನಲ್ಲಿ. ಹ್ಯಾಂಡ್‌ರಬ್ ಆದರೆ ಅಂಗೈ ತುಂಬ ತೆಗೆದುಕೊಂಡು 20ರಿಂದ 30 ಸೆಕೆಂಡ್, ಸೋಪು-ನೀರಾದರೆ 40ರಿಂದ 60 ಸೆಕೆಂಡ್. ಕೈಗೆ ಕೊಳೆ ಕಂಡರೆ, ಭೇದಿಯ ರೋಗಿಯನ್ನು ಮುಟ್ಟಿದ್ದರೆ ಸೋಪೇ ಬೇಕು. ಗ್ಲವ್ಸ್ ತೆಗೆದ ಮೇಲೂ ಕೈ ತೊಳೆಯಬೇಕು. ಒಂದೇ ಜೊತೆ ಗ್ಲವ್ಸಿನಲ್ಲಿ ಮೂರು ಹಾಸಿಗೆ ಸುತ್ತುವುದು ಬರಿಗೈಗಿಂತ ಕೆಟ್ಟದ್ದು.

ಕಸದ ಬಣ್ಣಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದವು. ರಕ್ತದ ಹತ್ತಿ, ಬ್ಯಾಂಡೇಜು ಹಳದಿಗೆ. ಸಲೈನ್ ಸೆಟ್ಟು, ಕ್ಯಾಥೆಟರ್, ಗ್ಲವ್ಸ್, ಸೂಜಿ ಇಲ್ಲದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ಗಾಜಿನ ಬಾಟಲಿ, ಆಂಪ್ಯೂಲ್ ನೀಲಿಗೆ. ಸೂಜಿಗೆ ಮುಚ್ಚಳ ಮರಳಿ ಹಾಕಬೇಡಿ. ಬೆರಳು ಚುಚ್ಚಿಕೊಳ್ಳುವುದು ಬಹಳ ಸಲ ಆ ಗಳಿಗೆಯಲ್ಲೇ. ಬಿಳಿ ಡಬ್ಬಿ ಮುಕ್ಕಾಲು ತುಂಬಿದರೆ ಬದಲಿಸಲು ಹೇಳಿ, ಒತ್ತಿ ತುರುಕಬೇಡಿ.

ಟಿಬಿ ಶಂಕೆಯ ರೋಗಿಯ ಹತ್ತಿರ ಎನ್95 ಬೇಕು, ಸರ್ಜಿಕಲ್ ಮಾಸ್ಕ್ ಸಾಲದು. ಹಾಕಿದ ಮೇಲೆ ಎರಡೂ ಕೈಯಲ್ಲಿ ಮುಚ್ಚಿ ಊದಿ ನೋಡಿ. ಮೂಗಿನ ಬದಿಯಿಂದ ಗಾಳಿ ಸೋರಿದರೆ ತಂತಿ ಒತ್ತಿ ಸರಿಮಾಡಿ. ಗಡ್ಡವಿದ್ದರೆ ಮಾಸ್ಕ್ ಕೂರುವುದಿಲ್ಲ. ನಿಮಗೇ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ.

ಸೂಜಿ ಚುಚ್ಚಿದರೆ

1. ಕೆಲಸ ಅಲ್ಲೇ ಬಿಟ್ಟು ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗಿಡಬೇಡಿ, ಸ್ಪಿರಿಟ್, ಬ್ಲೀಚ್ ಸುರಿಯಬೇಡಿ. ಕಣ್ಣಿಗೆ ಸಿಡಿದಿದ್ದರೆ ಬರೀ ನೀರು.

2. ಆ ನಿಮಿಷವೇ ಇನ್‌ಚಾರ್ಜ್ ಸಿಸ್ಟರಿಗೂ ಟ್ಯೂಟರ್‌ಗೂ ಹೇಳಿ. ಬೈಗುಳಕ್ಕೆ ಹೆದರಿ ಮನೆಗೆ ಹೋಗಿ ಅಳುತ್ತ ಕೂರುವವರಿದ್ದಾರೆ. ಕಳೆದ ಗಂಟೆ ಮರಳಿ ಬಾರದು.

3. ಎಚ್‌ಐವಿ ತಡೆಯ ಔಷಧಿ, ಅಂದರೆ ಪೆಪ್, ಬೇಕೆಂದಾದರೆ ಎರಡು ಗಂಟೆಯೊಳಗೆ ಶುರುವಾಗುವುದು ಉತ್ತಮ. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ, ಒಂದು ದಿನವೂ ತಪ್ಪದೆ.

4. ಟೈಟರ್ ವರದಿ ತೋರಿಸಿ. ಹೆಪಟೈಟಿಸ್ ಬಿ ರಕ್ಷಣೆ ಇಲ್ಲದವರಿಗೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕಾಗಬಹುದು, ಅದು 24 ಗಂಟೆಯೊಳಗಾದರೆ ಒಳ್ಳೆಯದು.

5. ನಿಮ್ಮ ರಕ್ತಪರೀಕ್ಷೆ ಅಂದೇ ಒಮ್ಮೆ, ಮುಂದೆ ವೈದ್ಯರು ಕೊಟ್ಟ ದಿನಾಂಕಗಳಲ್ಲಿ ಮತ್ತೆ. ಘಟನೆ ರಿಜಿಸ್ಟರಿನಲ್ಲಿ ದಾಖಲಾಗಿರಲಿ.

ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಂಭವ ಸುಮಾರು 0.3 ಪ್ರತಿಶತ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ 6ರಿಂದ 30 ಪ್ರತಿಶತ. ಎಲ್ಲರೂ ಹೆದರುವುದು ಮೊದಲನೆಯದಕ್ಕೆ. ಲಸಿಕೆಯಿಂದ ತಡೆಯಬಹುದಾದದ್ದು ಎರಡನೆಯದು.

ಗುಟ್ಟು

ವಾರ್ಡಿನಲ್ಲಿ ಫೋಟೊ ಬೇಡ, ರೀಲ್ಸ್ ಬೇಡ, ರೋಗಿಯ ಮುಖ ಕಾಣದಿದ್ದರೂ ಬೇಡ. ಲೇಡೀಸ್ ಡಬ್ಬಿಯಲ್ಲಿ ಗೆಳತಿಗೆ ಹೇಳಿದ ರೋಗಿಯ ಕಥೆ ಕೇಳುತ್ತ ಅವನ ತಂಗಿಯೇ ಪಕ್ಕದಲ್ಲಿ ನಿಂತಿರಬಹುದು. ಒಬ್ಬರಿಗೆ ಎಚ್‌ಐವಿ ಇರುವುದನ್ನು ಹೊರಗೆ ಹೇಳುವುದನ್ನು 2017ರ ಎಚ್‌ಐವಿ ಕಾಯ್ದೆಯೂ ನಿಷೇಧಿಸುತ್ತದೆ. ಪೊಲೀಸರು, ಪತ್ರಕರ್ತರು ಏನಾದರೂ ಕೇಳಿದರೆ ಇನ್‌ಚಾರ್ಜ್ ಸಿಸ್ಟರ್ ಕಡೆ ಕಳಿಸಿ. ಯಾರಾದರೂ ನಿಮ್ಮೊಡನೆ ಕೆಟ್ಟದಾಗಿ ನಡೆದುಕೊಂಡರೆ ದಿನಾಂಕ, ಸಮಯ ಬರೆದಿಟ್ಟು ಟ್ಯೂಟರ್‌ಗೆ ಹೇಳಿ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಂತೆ ಆಂತರಿಕ ದೂರು ಸಮಿತಿ ಇದೆ, ವಿದ್ಯಾರ್ಥಿನಿಯೂ ದೂರು ಕೊಡಬಹುದು.

ಹೊರಡುವ ಮುನ್ನ

ನೀವು ನೋಡಿಕೊಂಡ ರೋಗಿಯ ಬಗ್ಗೆ ಸಿಸ್ಟರಿಗೆ ನಾಲ್ಕು ಮಾತಿನಲ್ಲಿ ಹೇಳಿ: ಯಾರು ಮತ್ತು ಈಗೇನಾಗಿದೆ, ಹಿಂದೆ ಏನಿತ್ತು, ನಿಮಗೆ ಕಂಡದ್ದೇನು, ಇನ್ನು ಆಗಬೇಕಾದದ್ದೇನು. "ಹನ್ನೆರಡನೇ ಬೆಡ್, ನಿನ್ನೆ ಹರ್ನಿಯಾ ಆಪರೇಷನ್. ಮೂತ್ರ ಕೊನೆಗೆ ಆದದ್ದು ಬೆಳಗ್ಗೆ ಆರಕ್ಕೆ. ಈಗ ಕೆಳಹೊಟ್ಟೆ ಉಬ್ಬಿದೆ, ನೋವು ಅಂತಾರೆ. ಒಮ್ಮೆ ನೋಡ್ತೀರಾ?" ಇಷ್ಟು ಸಾಕು. ರೋಗಿಗೂ "ಮೀ ಉದ್ಯಾ ಯೇತೇ, ಆಜೀ" ಎಂದು ಹೇಳಿ, ಹುಡುಗರಾದರೆ "ಯೇತೋ". ಲಾಗ್‌ಬುಕ್ಕಿಗೆ ಸಹಿ ಹಾಕಿಸಿ, ಬಟ್ಟೆ ಬದಲಿಸಿ, ಕೈ ತೊಳೆದು, ಆಮೇಲೆ ಡಬ್ಬಾ ತೆರೆಯಿರಿ.